ಕಬ್ಬಿನ ಟ್ರೈಲರಿನ ಎಳೆತ ಮತ್ತು ಎಣ್ಣೆಯ ಲೆಕ್ಕ

ಮಂಡ್ಯ ಜಿಲ್ಲೆಯಲ್ಲಿ ಕಬ್ಬು ಅರೆಯುವ ಕಾಲ ಬಂದಿತೆಂದರೆ ಹಾದಿಬೀದಿಗಳೆಲ್ಲ ಟ್ರ್ಯಾಕ್ಟರುಗಳ ಸದ್ದಿನಿಂದ ತುಂಬಿಹೋಗುತ್ತವೆ. ಮಂಡ್ಯ, ಭಾರತೀನಗರ, ಕೊಪ್ಪ, ಪಾಂಡವಪುರ ಮೊದಲಾದ ಕಡೆಗಳಲ್ಲಿರುವ ಕಾರ್ಖಾನೆಗಳ ದಾರಿಯಲ್ಲಿ ಒಂದರ ಹಿಂದೆ ಒಂದರಂತೆ ಕಬ್ಬಿನ ಟ್ರೈಲರುಗಳು ಸಾಗುವುದನ್ನು ನಾವೆಲ್ಲ ಕಂಡಿದ್ದೇವೆ. ಕಂಡು ಸುಮ್ಮನಾಗುವುದು ವಾಡಿಕೆ. ಆದರೆ ಭೌತಶಾಸ್ತ್ರದ ಪಾಠಗಳಲ್ಲಿ ನಾವು ಓದುವ ಬಲ, ಘರ್ಷಣೆ, ಕೆಲಸ, ಶಕ್ತಿ ಎಂಬ ಮಾತುಗಳೆಲ್ಲ ಆ ಟ್ರೈಲರಿನ ಚಕ್ರದಡಿಯಲ್ಲಿಯೇ ಕೆಲಸ ಮಾಡುತ್ತಿರುತ್ತವೆ. ಅದನ್ನು ಲೆಕ್ಕ ಹಾಕಿ ನೋಡಿದರೆ ಎಣ್ಣೆ ಎಲ್ಲಿ ಖರ್ಚಾಗುತ್ತದೆ, ಎಲ್ಲಿ ಉಳಿಸಬಹುದು, ಎಲ್ಲಿ ಉಳಿಸಲು ಹೋಗಬಾರದು ಎಂಬುದು ತಿಳಿಯುತ್ತದೆ.

ಇದು ಬರಿಯ ಶಾಲೆಯ ಲೆಕ್ಕವಲ್ಲ. ಕೇಂದ್ರ ಸರ್ಕಾರವು ನಿಗದಿ ಮಾಡುವ ನ್ಯಾಯಯುತ ಮತ್ತು ಲಾಭದಾಯಕ ಬೆಲೆಯೆಂಬುದು ಕಾರ್ಖಾನೆಯ ಬಾಗಿಲಿಗೆ ತಲುಪಿಸಿದ ಕಬ್ಬಿನ ಬೆಲೆ. ಗದ್ದೆಯಿಂದ ಬಾಗಿಲಿನವರೆಗಿನ ಸಾಗಾಣಿಕೆಯ ಖರ್ಚು ಮೊದಲು ಯಾರ ಕೈಯಿಂದ ಹೋದರೂ ಕೊನೆಗೆ ಬೆಳೆಗಾರನ ಬಟವಾಡೆಯಲ್ಲಿಯೇ ಕಳೆಯುತ್ತದೆ. ಆದುದರಿಂದ ಹಾದಿಯಲ್ಲಿ ಸುರಿದುಹೋಗುವ ಪ್ರತಿಯೊಂದು ಲೀಟರ್ ಡೀಸೆಲೂ ರೈತನ ಕಣಜದಿಂದಲೇ ಸುರಿಯುತ್ತದೆಯೆಂದು ತಿಳಿಯಬೇಕು.

ಹಿಂದಿನ ಕಾಲದ ಎಳೆತ

ಕೃಷ್ಣರಾಜಸಾಗರದ ನೀರು ನಾಲೆಯ ಮೂಲಕ ಈ ಸೀಮೆಗೆ ಹರಿದದ್ದು 1930ರ ದಶಕದ ಆರಂಭದಲ್ಲಿ. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿಯು ಸ್ಥಾಪನೆಯಾಯಿತು. ಆ ದಿನಗಳಲ್ಲಿ ಗದ್ದೆಯ ಕಬ್ಬನ್ನು ಹೊತ್ತದ್ದು ಎತ್ತಿನ ಗಾಡಿ. ನಮ್ಮ ಸೀಮೆಯ ಹಳ್ಳಿಕಾರ್ ಎತ್ತುಗಳು ನಡಿಗೆಯ ಚುರುಕಿಗೆ ಹೆಸರಾದವು. ಒಂದು ಎತ್ತು ದಿನವಿಡೀ ಬಳಲದೆ ಎಳೆಯಬಲ್ಲ ಬಲವು ಅದರ ಮೈತೂಕದ ಹತ್ತನೆಯ ಒಂದು ಪಾಲಿನಷ್ಟೆಂದು ಹೇಳುವುದುಂಟು. ಜೋಡಿಯ ತೂಕ 750 ಕಿಲೋಗ್ರಾಮ್ ಎಂದಿಟ್ಟುಕೊಂಡರೆ ಅದರ ಎಳೆತ ಸುಮಾರು 75 ಕಿಲೋಗ್ರಾಮ್.

75 ಕಿಲೋಗ್ರಾಮ್ ಎಳೆತದಿಂದ ಒಂದೂವರೆ ಟನ್ನಿನ ಗಾಡಿ ಚಲಿಸುವುದು ಹೇಗೆ? ಗಾಡಿಯನ್ನು ಎಳೆಯುವುದೆಂದರೆ ಅದನ್ನು ಎತ್ತುವುದಲ್ಲ. ಸಮತಟ್ಟಾದ ನೆಲದ ಮೇಲೆ ಚಕ್ರವು ಉರುಳುವಾಗ ನೆಲವೂ ಚಕ್ರವೂ ಸ್ವಲ್ಪ ತಗ್ಗಿ ಮತ್ತೆ ಏಳುತ್ತವೆ. ಆ ತಗ್ಗಿನಿಂದ ಏಳುವುದಕ್ಕೆ ಬೇಕಾಗುವ ಬಲವನ್ನಷ್ಟೆ ಎತ್ತು ಕೊಡಬೇಕು. ಇದನ್ನು ನಾವು ಉರುಳುತಡೆ ಎಂದು ಕರೆಯೋಣ. ಕಬ್ಬಿಣದ ಪಟ್ಟೆಯ ಸಣ್ಣ ಚಕ್ರವು ಮೆತ್ತನೆಯ ಮಣ್ಣಿನಲ್ಲಿ ಆಳವಾಗಿ ಕೊರೆಯುತ್ತಿತ್ತು. ಗಾಳಿ ತುಂಬಿದ ರಬ್ಬರಿನ ಚಕ್ರ ಬಂದ ಮೇಲೆ ಅದೇ ಎತ್ತುಗಳು ಅದೇ ದಾರಿಯಲ್ಲಿ ಹೆಚ್ಚು ಹೊರೆಯನ್ನು ಎಳೆದವು. ಎತ್ತಿನ ಬಲ ಹೆಚ್ಚಲಿಲ್ಲ, ತಡೆ ಕಡಿಮೆಯಾಯಿತು. ಈ ಲೇಖನದ ಮುಖ್ಯ ಮಾತೂ ಇದೇ ಆಗಿದೆ. ಎಣ್ಣೆಯನ್ನು ಉಳಿಸಬೇಕಾದರೆ ಎಂಜಿನ್ನಿನ ಕಡೆಗೆ ನೋಡುವುದಕ್ಕಿಂತ ಮೊದಲು ತಡೆಯ ಕಡೆಗೆ ನೋಡಬೇಕು.

ತಡೆಗಳು ನಾಲ್ಕು

ಟ್ರ್ಯಾಕ್ಟರು ಟ್ರೈಲರನ್ನು ಎಳೆಯುವಾಗ ಎದುರಾಗುವ ತಡೆಗಳು ನಾಲ್ಕು ಬಗೆಯವು: ಚಕ್ರದ ಉರುಳುತಡೆ, ಏರಿನ ತಡೆ, ಗಾಳಿಯ ತಡೆ, ಮತ್ತು ನಿಂತದ್ದನ್ನು ಮತ್ತೆ ಓಡಿಸುವಾಗ ಕಾಣುವ ಜಡತ್ವದ ತಡೆ.

ಲೆಕ್ಕಕ್ಕಾಗಿ ಒಂದು ಟ್ರ್ಯಾಕ್ಟರಿನ ತೂಕ 2 ಟನ್, ಬರಿಯ ಟ್ರೈಲರಿನ ತೂಕ 2 ಟನ್, ಕಬ್ಬು 8 ಟನ್, ಒಟ್ಟು 12 ಟನ್ ಎಂದು ಇಟ್ಟುಕೊಳ್ಳೋಣ. ಒಳ್ಳೆಯ ಡಾಂಬರು ರಸ್ತೆಯಲ್ಲಿ ಉರುಳುತಡೆಯು ಟನ್ನಿಗೆ ಸ್ಥೂಲವಾಗಿ 20 ಕಿಲೋಗ್ರಾಮ್. ಗಟ್ಟಿಯಾದ ಆದರೆ ಒರಟಾದ ಮಣ್ಣಿನ ಗಾಡಿದಾರಿಯಲ್ಲಿ 50. ಸಡಿಲವಾದ ಗದ್ದೆಯಲ್ಲಿ 120 ಅಥವಾ ಅದಕ್ಕೂ ಹೆಚ್ಚು. ಅಂದರೆ ನಮ್ಮ ಗಾಡಿಗೆ ಬೇಕಾಗುವ ಎಳೆತ ಡಾಂಬರಿನಲ್ಲಿ 240, ಗಾಡಿದಾರಿಯಲ್ಲಿ 600, ಗದ್ದೆಯಲ್ಲಿ 1,440 ಕಿಲೋಗ್ರಾಮ್. ಹೊರೆ ಒಂದೇ, ಎಂಜಿನ್ ಒಂದೇ. ನೆಲ ಬದಲಾದ ಮಾತ್ರಕ್ಕೆ ಎಳೆತವು ಆರು ಪಟ್ಟಾಗುತ್ತದೆ.

ಏರಿನ ತಡೆಯನ್ನು ತಿಳಿಯುವುದು ಇನ್ನೂ ಸುಲಭ. ನೂರು ಮೀಟರಿಗೆ ಒಂದು ಮೀಟರು ಏರಿದರೆ ಒಟ್ಟು ತೂಕದ ನೂರನೆಯ ಒಂದು ಪಾಲು ಎಳೆತಕ್ಕೆ ಸೇರುತ್ತದೆ. ನಮ್ಮ ಗಾಡಿಗೆ ಅದು 120 ಕಿಲೋಗ್ರಾಮ್. ಕಣ್ಣಿಗೆ ಏರೆಂದೇ ತೋರದ ಈ ಇಳಿಜಾರು ಡಾಂಬರಿನ ಎಳೆತವನ್ನು ಒಂದೂವರೆ ಪಟ್ಟು ಮಾಡುತ್ತದೆ. ನಾಲೆಯ ಏರಿಯನ್ನು ಹತ್ತುವ ಸಣ್ಣ ದಾರಿಯಲ್ಲಿ ಇಪ್ಪತ್ತಕ್ಕೆ ಒಂದರ ಏರಿದ್ದರೆ 600 ಕಿಲೋಗ್ರಾಮ್ ಸೇರುತ್ತದೆ.

ಇನ್ನು ಗಾಳಿ. ಅಮೆರಿಕ, ಯೂರೋಪುಗಳಲ್ಲಿ ಜನರು ಮೋಟಾರು ಕಾರಿನ ಹಿಂದೆ ಪುಟ್ಟ ಮನೆಯಂಥ ಪ್ರವಾಸದ ಟ್ರೈಲರನ್ನು ಕಟ್ಟಿಕೊಂಡು ರಜೆಯಲ್ಲಿ ತಿರುಗುತ್ತಾರೆ. ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿ ಅವರಿಗೆ ದೊಡ್ಡ ವೈರಿಯೆಂದರೆ ಗಾಳಿ. ಅದಕ್ಕಾಗಿಯೇ ಅವರಿಗೆ ಕೊಡುವ ಮೊದಲನೆಯ ಬುದ್ಧಿವಾದ, ನಿಧಾನವಾಗಿ ಹೋಗಿರಿ ಎಂಬುದು. ಗಾಳಿಯ ತಡೆಯು ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. 20ರಿಂದ 90ಕ್ಕೆ ವೇಗವು ನಾಲ್ಕೂವರೆ ಪಟ್ಟಾದರೆ ತಡೆಯು ಇಪ್ಪತ್ತು ಪಟ್ಟಾಗುತ್ತದೆ. ನಮ್ಮ ಕಬ್ಬಿನ ಗಾಡಿಯ ವೇಗವಾದರೋ ಗಂಟೆಗೆ ಸುಮಾರು 20 ಕಿಲೋಮೀಟರ್. ಆಗ ಗಾಳಿಯ ತಡೆ ಹನ್ನೆರಡು ಹದಿಮೂರು ಕಿಲೋಗ್ರಾಮಿನಷ್ಟು ಮಾತ್ರ, ಉರುಳುತಡೆಯ ಇಪ್ಪತ್ತನೆಯ ಒಂದು ಪಾಲು. ಆದುದರಿಂದ ಪರದೇಶದ ಉಪದೇಶವನ್ನು ಹಾಗೆಯೇ ತಂದು ಇಲ್ಲಿ ಅನ್ವಯಿಸಲಾಗದು. ಅವರ ಎಣ್ಣೆ ಗಾಳಿಗೆ ಹೋಗುತ್ತದೆ. ನಮ್ಮದು ಮಣ್ಣಿಗೆ ಹೋಗುತ್ತದೆ.

ಒಂದು ಸಾರಿಯ ಲೆಕ್ಕ

ಮಂಡ್ಯದಿಂದ ಮೈಸೂರಿನ ಕಡೆಗಿರುವ ಯಲಿಯೂರಿನಂಥ ಒಂದು ಊರಿನ ಗದ್ದೆಯಿಂದ ಮಂಡ್ಯದ ಕಾರ್ಖಾನೆಗೆ ಕಬ್ಬು ಹೋಗಬೇಕಾಗಿದೆಯೆಂದು ಭಾವಿಸೋಣ. ಹಾದಿಯನ್ನು ಹೀಗೆ ಹಂಚಿಕೊಳ್ಳೋಣ: ಗದ್ದೆಯೊಳಗೆ 200 ಮೀಟರ್, ಗಾಡಿದಾರಿ 1.8 ಕಿಲೋಮೀಟರ್, ಡಾಂಬರು 8 ಕಿಲೋಮೀಟರ್, ಒಟ್ಟು 10. ಎಳೆತವನ್ನು ಟನ್ನಿನಲ್ಲಿಯೂ ದೂರವನ್ನು ಕಿಲೋಮೀಟರಿನಲ್ಲಿಯೂ ಇಟ್ಟು ಗುಣಿಸಿದರೆ ಕೆಲಸದ ಮೊತ್ತ ಬರುತ್ತದೆ.

ಗದ್ದೆ: 1.44 × 0.2 = 0.29
ಗಾಡಿದಾರಿ: 0.60 × 1.8 = 1.08
ಡಾಂಬರು: 0.24 × 8 = 1.92
ಒಟ್ಟು: 3.29

ಮೊದಲನೆಯ ಎರಡು ಸಾಲುಗಳನ್ನು ಕೂಡಿಸಿದರೆ 1.37. ದಾರಿಯ ಐದನೆಯ ಒಂದು ಪಾಲಾದ ಮಣ್ಣುದಾರಿಯು ಕೆಲಸದ ಐದರಲ್ಲಿ ಎರಡು ಪಾಲಿಗಿಂತ ಹೆಚ್ಚನ್ನು ಕಬಳಿಸುತ್ತದೆ. ಗಾಡಿದಾರಿಯ ಒಂದು ಕಿಲೋಮೀಟರು ಡಾಂಬರಿನ ಎರಡೂವರೆ ಕಿಲೋಮೀಟರಿಗೆ ಸಮ.

ಇದಕ್ಕೆ ಎಣ್ಣೆ ಎಷ್ಟು? ಒಂದು ಲೀಟರ್ ಡೀಸೆಲಿನಲ್ಲಿ ಸುಮಾರು 36 ಮೆಗಾಜೂಲ್ ಶಾಖಶಕ್ತಿಯಿದೆ. ಎಂಜಿನ್ ಚೆನ್ನಾಗಿ ದುಡಿಯುವಾಗ ಅದರಲ್ಲಿ ನೂರಕ್ಕೆ ಮೂವತ್ತರಷ್ಟನ್ನು ಕೆಲಸವಾಗಿ ಮಾರ್ಪಡಿಸುತ್ತದೆ. ಉಳಿದದ್ದು ಹೊಗೆಯೊಡನೆಯೂ ತಂಪುನೀರಿನೊಡನೆಯೂ ಬಿಸಿಯಾಗಿ ಹೋಗುತ್ತದೆ. ಆ ಮೂವತ್ತರಲ್ಲಿಯೂ ಗಿಯರುಗಳು ಮತ್ತು ಹಿಂಬದಿಯ ಚಕ್ರದ ಜಾರುವಿಕೆ ಐದನೆಯ ಒಂದು ಪಾಲನ್ನು ತಿನ್ನುತ್ತವೆ. ಒಂದು ಟನ್ ಎಳೆತವು ಒಂದು ಕಿಲೋಮೀಟರ್ ನಡೆದರೆ ಆಗುವ ಕೆಲಸ 9.8 ಮೆಗಾಜೂಲ್. ಹೀಗೆ ಲೆಕ್ಕ ಹಾಕಿದರೆ ಒಂದು ಲೀಟರಿನಿಂದ ಆಗುವ ಕೆಲಸ ನಮ್ಮ ಅಳತೆಯಲ್ಲಿ ಸುಮಾರು 0.9. ಆದುದರಿಂದ ತುಂಬಿದ ಗಾಡಿಯ ಪಯಣಕ್ಕೆ 3.7 ಲೀಟರ್ ಬೇಕು. ಬರಿಗಾಡಿ ಹಿಂದಿರುಗುವಾಗ ತೂಕ ಮೂರನೆಯ ಒಂದು ಪಾಲಾದರೂ ಎಣ್ಣೆ ಮೂರನೆಯ ಒಂದು ಪಾಲಾಗುವುದಿಲ್ಲ. ಹಗುರವಾದ ಕೆಲಸದಲ್ಲಿ ಎಂಜಿನ್ನಿನ ದಕ್ಷತೆ ಕುಗ್ಗುತ್ತದೆ. ಅದಕ್ಕೆ 1.8 ಲೀಟರ್ ಇಟ್ಟರೆ ಹೋಗಿ ಬರುವುದಕ್ಕೆ ಒಟ್ಟು ಐದೂವರೆ ಲೀಟರ್.

ಲೆಕ್ಕ ಇಲ್ಲಿಗೆ ಮುಗಿಯಲಿಲ್ಲ. ಕಾರ್ಖಾನೆಯ ಮುಂದಿನ ಸಾಲಿನಲ್ಲಿ ಮೂರು ಗಂಟೆ ಎಂಜಿನ್ ಸುಮ್ಮನೆ ಉರಿಯುತ್ತಿತ್ತೆಂದು ಇಟ್ಟುಕೊಳ್ಳಿ. ಸಾಮಾನ್ಯ ಟ್ರ್ಯಾಕ್ಟರು ನಿಂತಲ್ಲಿಯೇ ಗಂಟೆಗೆ ಸುಮಾರು ಒಂದು ಲೀಟರ್ ಕುಡಿಯುತ್ತದೆ. ಆ ಮೂರು ಲೀಟರೂ ಸೇರಿ ಎಂಟೂವರೆ ಆಯಿತು. ಅದರಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಒಂದು ಗೇಣೂ ಸಾಗದೆ ಖರ್ಚಾದದ್ದು. ತುಂಬಿದ ಗಾಡಿಯನ್ನು ಎಂಟು ಕಿಲೋಮೀಟರ್ ಡಾಂಬರಿನಲ್ಲಿ ಎಳೆಯಲು ಹಿಡಿದ ಎಣ್ಣೆಗಿಂತ ಇದೇ ಹೆಚ್ಚು. ಐದು ನಿಮಿಷಕ್ಕಿಂತ ಹೆಚ್ಚು ನಿಲ್ಲಬೇಕಾದಲ್ಲಿ ಎಂಜಿನ್ನನ್ನು ಆರಿಸುವುದಕ್ಕಿಂತ ಸುಲಭವಾದ ಉಳಿತಾಯ ಮತ್ತೊಂದಿಲ್ಲ. ಬ್ಯಾಟರಿ ಕೆಟ್ಟಿದ್ದು ಮತ್ತೆ ಎಂಜಿನ್ ಹೊತ್ತಿಕೊಳ್ಳಲಾರದೆಂಬ ಭಯದಿಂದ ಆರಿಸದಿರುವುದುಂಟು. ಹಾಗಿದ್ದರೆ ಆ ಬ್ಯಾಟರಿಯ ಬೆಲೆಯನ್ನು ಎಣ್ಣೆಯ ರೂಪದಲ್ಲಿ ಮತ್ತೆ ಮತ್ತೆ ತೆರುತ್ತಿದ್ದೇವೆಂದೇ ಅರ್ಥ.

ಚಕ್ರ ಮತ್ತು ಗಾಳಿ

ಗಾಳಿ ಕಡಿಮೆಯಾದ ಚಕ್ರವು ಡಾಂಬರಿನ ಮೇಲೆ ಹೆಚ್ಚು ಬಾಗುತ್ತದೆ. ಪ್ರತಿ ಸುತ್ತಿನಲ್ಲಿಯೂ ಬಾಗಿ ಏಳುವಾಗ ಶಕ್ತಿಯು ಬಿಸಿಯಾಗಿ ಕಳೆದುಹೋಗುತ್ತದೆ. ಸ್ವಲ್ಪ ದೂರ ಓಡಿದ ಮೇಲೆ ಟೈರನ್ನು ಮುಟ್ಟಿ ನೋಡಿದರೆ ಕೈಗೆ ಸುಡುವುದು ಇದರ ಸಾಕ್ಷಿ. ಆದರೆ ಮೆತ್ತನೆಯ ಗದ್ದೆಯಲ್ಲಿ ಮಾತು ತಿರುಗುಮುರುಗಾಗುತ್ತದೆ. ಅಲ್ಲಿ ಗಟ್ಟಿಯಾಗಿ ಗಾಳಿ ತುಂಬಿದ ಟೈರು ಕಬ್ಬಿಣದ ಪಟ್ಟೆಯಂತೆ ಮಣ್ಣನ್ನು ಕೊರೆಯುತ್ತದೆ. ಸ್ವಲ್ಪ ಮೆದುವಾದದ್ದು ಅಗಲವಾಗಿ ಹರಡಿ ಮೇಲೆಯೇ ಸಾಗುತ್ತದೆ. ಉಳುವಾಗ ಟ್ರ್ಯಾಕ್ಟರಿನ ಹಿಂಬದಿಯ ಚಕ್ರಕ್ಕೆ ಇಟ್ಟ ಕಡಿಮೆ ಗಾಳಿಯನ್ನೇ ಕಬ್ಬು ಸಾಗಿಸುವಾಗಲೂ ಇಟ್ಟುಕೊಳ್ಳುವುದು ನಷ್ಟ. ಕೈಪಿಡಿಯಲ್ಲಿ ಗದ್ದೆಗೂ ರಸ್ತೆಗೂ ಬೇರೆ ಬೇರೆ ಅಂಕಿಗಳನ್ನು ಕೊಟ್ಟಿರುತ್ತಾರೆ. ಅದನ್ನು ಅಳತೆಗೋಲಿನಿಂದ ನೋಡಿ ತುಂಬಿಸಬೇಕು, ಕಾಲಿನಿಂದ ಒದ್ದು ನೋಡಿದರೆ ಸಾಲದು. ಟ್ರೈಲರಿನ ಟೈರು ಬೇರೆ ಜಾತಿಯದು, ಅದರ ಅಂಕಿ ಇನ್ನೂ ಹೆಚ್ಚಿನದು.

ಉಳುವ ಕಾಲದಲ್ಲಿ ಚಕ್ರಕ್ಕೆ ತುಂಬಿದ ನೀರು ಮತ್ತು ಕಟ್ಟಿದ ಎರಕದ ತೂಕಗಳನ್ನು ಗಮನಿಸಬೇಕು. ಅವು ಜಾರುವುದನ್ನು ತಡೆಯಲೆಂದು ಇರುವವು. ಹಸಿ ಗದ್ದೆಯಿಂದ ಕಬ್ಬನ್ನು ಹೊರತೆಗೆಯುವವರೆಗೆ ಅವು ಬೇಕಾಗಬಹುದು. ರಸ್ತೆಯಲ್ಲಿ ಮಾತ್ರ ಅವು ಬಿಟ್ಟಿ ಪ್ರಯಾಣಿಕರು. ಬೇರಿಂಗಿಗೆ ಗ್ರೀಸ್ ಇಲ್ಲದಿರುವುದು, ಎರಡು ಚಕ್ರಗಳು ಒಂದೇ ನೇರಕ್ಕೆ ಇಲ್ಲದಿರುವುದು, ಬ್ರೇಕು ಅರ್ಧ ಹಿಡಿದುಕೊಂಡೇ ಇರುವುದು, ಇವೆಲ್ಲವೂ ಮೌನವಾಗಿ ಎಣ್ಣೆ ಕುಡಿಯುವ ರೋಗಗಳು. ಹಿಂದಿನವರು ಗಾಡಿ ಕಟ್ಟುವ ಮುನ್ನ ಅಚ್ಚಿಗೆ ಕೀಲೆಣ್ಣೆ ಹಾಕದೆ ಹೊರಡುತ್ತಿರಲಿಲ್ಲ. ಎತ್ತು ಬಳಲುವುದು ಅವರ ಕಣ್ಣಿಗೆ ಕಾಣುತ್ತಿತ್ತು. ಎಂಜಿನ್ನಿನ ಬಳಲಿಕೆ ನಮಗೆ ಕಾಣುವುದಿಲ್ಲ, ಅಷ್ಟೆ.

ಗಿಯರು ಮತ್ತು ಇಳಿಜಾರು

ಡೀಸೆಲ್ ಎಂಜಿನ್ ಮಧ್ಯಮ ಸುತ್ತಿನಲ್ಲಿ ತಕ್ಕಷ್ಟು ಭಾರ ಹೊತ್ತಾಗ ಹೆಚ್ಚು ದಕ್ಷವಾಗಿರುತ್ತದೆ. ಕೆಳಗಿನ ಗಿಯರಿನಲ್ಲಿ ಪೂರ್ತಿ ಥ್ರಾಟಲ್ ಕೊಟ್ಟು ಅಬ್ಬರದಿಂದ ಹೋಗುವುದಕ್ಕಿಂತ, ಅದೇ ವೇಗವನ್ನು ಒಂದು ಮೇಲಿನ ಗಿಯರಿನಲ್ಲಿ ಕಡಿಮೆ ಥ್ರಾಟಲಿನಿಂದ ಸಾಧಿಸುವುದು ಲಾಭ. ಬರಿಗಾಡಿ ಹಿಂದಿರುಗುವಾಗ ಈ ಸೂತ್ರವು ವಿಶೇಷವಾಗಿ ಫಲ ಕೊಡುತ್ತದೆ. ಇದಕ್ಕೆ ಒಂದು ಎಲ್ಲೆಯುಂಟು. ಎಂಜಿನ್ ನರಳಿ ಕಪ್ಪು ಹೊಗೆ ಕಾರತೊಡಗಿದರೆ ಎಣ್ಣೆ ಪೂರ್ತಿ ಉರಿಯುತ್ತಿಲ್ಲವೆಂದು ತಿಳಿದು ಕೆಳಗಿನ ಗಿಯರಿಗೆ ಬರಬೇಕು. ಸಾಧಾರಣ ಹೊರೆಯಲ್ಲಿಯೂ ಕಪ್ಪು ಹೊಗೆ ಬರುತ್ತಿದ್ದರೆ ಗಾಳಿ ಸೋಸುವ ಫಿಲ್ಟರು ಕಟ್ಟಿರಬಹುದು. ಸೋಗೆಯ ಪುಡಿ, ದೂಳು ತುಂಬಿದ ಕಬ್ಬಿನ ಕಾಲದಲ್ಲಿ ಅದನ್ನು ಆಗಾಗ ಶುದ್ಧಿ ಮಾಡುವುದು ಅಗತ್ಯ.

ಇಳಿಜಾರಿನಲ್ಲಿ ಗಿಯರನ್ನು ತಪ್ಪಿಸಿ ನ್ಯೂಟ್ರಲಿನಲ್ಲಿ ಬಿಟ್ಟರೆ ಎಣ್ಣೆ ಉಳಿಯುತ್ತದೆಂಬ ನಂಬಿಕೆ ಹಲವರಲ್ಲಿದೆ. ಇದು ಎರಡು ರೀತಿಯಲ್ಲಿ ತಪ್ಪು. ಗಿಯರಿನಲ್ಲಿದ್ದು ಥ್ರಾಟಲನ್ನು ಬಿಟ್ಟಾಗ ಹೊರೆಯೇ ಎಂಜಿನ್ನನ್ನು ತಿರುಗಿಸುತ್ತದೆ. ಆಗ ಗವರ್ನರ್ ಎಂಬ ಸಾಧನವು ಎಣ್ಣೆಯನ್ನು ಬಹುಮಟ್ಟಿಗೆ ನಿಲ್ಲಿಸಿಬಿಡುತ್ತದೆ. ನ್ಯೂಟ್ರಲಿನಲ್ಲಾದರೋ ಎಂಜಿನ್ ಆರದಿರಲು ಎಣ್ಣೆ ಹರಿಯುತ್ತಲೇ ಇರಬೇಕು. ಎರಡನೆಯದಾಗಿ, ಹತ್ತು ಟನ್ನಿನ ಟ್ರೈಲರು ಹಿಂದಿನಿಂದ ತಳ್ಳುವಾಗ ಎಂಜಿನ್ನಿನ ಹಿಡಿತವನ್ನು ಬಿಟ್ಟುಕೊಡುವುದು ಪ್ರಾಣಕ್ಕೆ ಅಪಾಯ. ಹೀಗೆ ಮಾಡುವವನಿಗೆ ಎಣ್ಣೆಯೂ ಉಳಿಯುವುದಿಲ್ಲ, ಭದ್ರತೆಯೂ ಉಳಿಯುವುದಿಲ್ಲ.

ನಿಲ್ಲಿಸಿ ಹೊರಡಿಸುವುದಕ್ಕೂ ಬೆಲೆಯಿದೆ. 12 ಟನ್ನನ್ನು 20 ಕಿಲೋಮೀಟರ್ ವೇಗಕ್ಕೆ ತರಲು ಸುಮಾರು 20 ಮಿಲಿಲೀಟರ್, ಅಂದರೆ ನಾಲ್ಕು ಚಹಾ ಚಮಚದಷ್ಟು ಎಣ್ಣೆ ಬೇಕು. ಬ್ರೇಕು ಹಾಕಿದಾಗ ಅದು ಬಿಸಿಯಾಗಿ ಹೋಗುತ್ತದೆ. ವೇಗ 30 ಆದರೆ ಎರಡು ಪಟ್ಟಿಗಿಂತ ಹೆಚ್ಚು. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ಟ್ರ್ಯಾಕ್ಟರುಗಳ ಸಂಚಾರವನ್ನು ನಿಷೇಧಿಸಿ ಪಕ್ಕದ ಸೇವಾರಸ್ತೆಗೆ ಕಳುಹಿಸಲಾಯಿತು. ಅಡ್ಡದಾರಿಗಳೂ ಉಬ್ಬುಗಳೂ ಇರುವ ಇಂಥ ರಸ್ತೆಯಲ್ಲಿ, ಮುಂದೆ ನಿಲ್ಲಬೇಕಾದುದನ್ನು ದೂರದಿಂದಲೇ ಕಂಡು ಥ್ರಾಟಲನ್ನು ಮೊದಲೇ ಬಿಡುವ ಚಾಲಕನು ದಿನವೊಂದಕ್ಕೆ ಗಮನಾರ್ಹವಾದಷ್ಟನ್ನು ಉಳಿಸುತ್ತಾನೆ.

ಹೇರುವ ಕ್ರಮ

ಎರಡು ಚಕ್ರದ ಟ್ರೈಲರಿನಲ್ಲಿ ಹೊರೆಯ ಒಂದಂಶವು ಕೊಂಡಿಯ ಮೂಲಕ ಟ್ರ್ಯಾಕ್ಟರಿನ ಹಿಂಬದಿಯ ಮೇಲೆ ಕುಳಿತು ಚಕ್ರಕ್ಕೆ ಹಿಡಿತ ಕೊಡುತ್ತದೆ. ಹೊರೆಯನ್ನು ಹಿಂದಕ್ಕೆ ಹೇರಿದರೆ ಕೊಂಡಿ ಮೇಲಕ್ಕೆ ಏಳುತ್ತದೆ, ಚಕ್ರ ಜಾರುತ್ತದೆ. ನೂರು ಸುತ್ತಿನಲ್ಲಿ ಹದಿನೈದು ಜಾರಿದರೆ ಎಣ್ಣೆಯಲ್ಲಿಯೂ ಹದಿನೈದು ಪಾಲು ಜಾರಿಹೋಯಿತು. ತೀರ ಮುಂದಕ್ಕೆ ಹೇರಿದರೆ ಟ್ರ್ಯಾಕ್ಟರಿನ ಮುಂಗಾಲು ಹಗುರವಾಗಿ ತಿರುಗಿಸುವ ಹಿಡಿತ ತಪ್ಪುತ್ತದೆ. ಹೊರೆ ಅಚ್ಚಿನಿಂದ ಕೊಂಚ ಮುಂದಕ್ಕೆ ಬೀಳುವಂತೆ ಹೇರುವುದೇ ಸರಿ. ಕೊಂಡಿಯನ್ನು ಎಂದಿಗೂ ತಯಾರಕರು ಗೊತ್ತುಮಾಡಿದ ತಗ್ಗಿನ ಜಾಗದಲ್ಲಿಯೇ ಹಾಕಬೇಕು. ಎತ್ತರಕ್ಕೆ ಕಟ್ಟಿ ಎಳೆದರೆ ಟ್ರ್ಯಾಕ್ಟರು ಮುಂಭಾಗವೆತ್ತಿ ಹಿಂದಕ್ಕೆ ಮಗುಚುವ ಸಂಭವವಿದೆ. ಕಬ್ಬಿನೊಡನೆ ಸೋಗೆ, ತರಗು, ಬೇರುಮಣ್ಣುಗಳನ್ನು ಹೇರುವುದೂ ವ್ಯರ್ಥವೇ. ಎಣ್ಣೆ ಸುಟ್ಟು ಅವನ್ನು ಅಲ್ಲಿಯವರೆಗೆ ಒಯ್ದರೂ ಕಬ್ಬಿನ ಬೆಲೆ ದೊರೆಯುವುದಿಲ್ಲ. ಹೊಲದಲ್ಲಿಯೇ ಬಿಟ್ಟರೆ ತರಗು ಗೊಬ್ಬರವಾದರೂ ಆಗುತ್ತದೆ.

ಎಲ್ಲಿ ಉಳಿಸಬಾರದು

ಈಗ ಒಂದು ಕಠಿಣವಾದ ಪ್ರಶ್ನೆ. ಎಂಟು ಟನ್ನಿನ ಬದಲು ಹನ್ನೆರಡು ಟನ್ ಹೇರಿದರೆ ಟನ್ನಿಗೆ ತಗಲುವ ಎಣ್ಣೆ ಕಡಿಮೆಯಾಗುವುದಿಲ್ಲವೆ? ಆಗುತ್ತದೆ. ಟನ್ ಕಬ್ಬಿಗೆ ಎಳೆಯಬೇಕಾದ ಒಟ್ಟು ತೂಕವು ಒಂದೂವರೆ ಟನ್ನಿನಿಂದ 1.33 ಟನ್ನಿಗೆ ಇಳಿಯುತ್ತದೆ. ನೂರಕ್ಕೆ ಹನ್ನೊಂದರ ಉಳಿತಾಯ. ಅತಿಯಾಗಿ ಹೇರುವವರ ವಾದವು ಸುಳ್ಳಲ್ಲ, ಅರ್ಧ ಸತ್ಯ.

ಉಳಿದ ಅರ್ಧವನ್ನು ನೋಡೋಣ. ಟ್ರ್ಯಾಕ್ಟರಿನ ಬ್ರೇಕು ಸಾಮಾನ್ಯವಾಗಿ ಹಿಂಬದಿಯ ಎರಡು ಚಕ್ರಗಳಿಗೆ ಮಾತ್ರ. ಬಹುಪಾಲು ಟ್ರೈಲರುಗಳಿಗೆ ಬ್ರೇಕೇ ಇಲ್ಲ. ಹಿಂಬದಿಯ ಚಕ್ರಗಳ ಮೇಲೆ 1.3 ಟನ್ ಭಾರವಿದ್ದು, ಅದರಲ್ಲಿ ನೂರಕ್ಕೆ ಅರವತ್ತರಷ್ಟು ಹಿಡಿತ ದೊರೆಯುವುದೆಂದರೆ ನಿಲ್ಲಿಸುವ ಬಲ 0.78 ಟನ್. ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುವ 12 ಟನ್ನಿನ ಗಾಡಿಯು ಈ ಬಲದಿಂದ ನಿಲ್ಲಲು ಸುಮಾರು 24 ಮೀಟರ್ ಬೇಕು. 16 ಟನ್ನಿನದಕ್ಕೆ 32 ಮೀಟರ್. ವೇಗ 30 ಇದ್ದರೆ ಇವೇ ಅಂಕಿಗಳು 54 ಮತ್ತು 72 ಆಗುತ್ತವೆ. ಚಾಲಕನು ಬ್ರೇಕನ್ನು ತುಳಿಯಲು ಹಿಡಿಯುವ ಕಾಲದ ದೂರ ಇದಕ್ಕೆ ಹೊರತು. ಸಂಜೆಯ ಮಬ್ಬಿನಲ್ಲಿ, ಶಾಲೆ ಬಿಟ್ಟ ಮಕ್ಕಳೂ ಸೈಕಲಿನವರೂ ಅಡ್ಡಬರುವ ಊರಬಾಗಿಲಿನಲ್ಲಿ ಆ ಹೆಚ್ಚಿನ ಎಂಟು ಮೀಟರು ಅಥವಾ ಹದಿನೆಂಟು ಮೀಟರು ಏನೆಂಬುದನ್ನು ವಿವರಿಸಬೇಕಾದುದಿಲ್ಲ. ಎಣ್ಣೆಯ ಹನ್ನೊಂದು ಪಾಲನ್ನು ಎಂಜಿನ್ ಆರಿಸಿ, ಟೈರಿಗೆ ಗಾಳಿ ತುಂಬಿ ಪಡೆಯಬಹುದಾಗಿರುವಾಗ ಅದನ್ನು ದಾರಿಹೋಕರ ಜೀವದ ಮೇಲೆ ಸಾಲ ತೆಗೆಯುವುದು ಯಾವ ಅರ್ಥಶಾಸ್ತ್ರ? ಹಿಂಬದಿಗೆ ಕೆಂಪು ಪ್ರತಿಫಲಕವಿಲ್ಲದೆ ರಾತ್ರಿ ನಿಲ್ಲಿಸುವ ಟ್ರೈಲರಿಗೂ ಇದೇ ಮಾತು ಸಲ್ಲುತ್ತದೆ.

ಊರು ಮಾಡಬೇಕಾದ ಕೆಲಸ

ಇಲ್ಲಿಯವರೆಗೆ ಹೇಳಿದ್ದು ಚಾಲಕನ ಕೈಯಲ್ಲಿರುವ ಮಾತು. ಆದರೆ ನಮ್ಮ ಲೆಕ್ಕದಲ್ಲಿ ಎರಡು ದೊಡ್ಡ ಅಂಕಿಗಳು, ಗಾಡಿದಾರಿ ಮತ್ತು ಕಾಯುವಿಕೆ, ಅವನೊಬ್ಬನಿಂದ ಸರಿಹೋಗುವಂಥವಲ್ಲ. ಗಾಡಿದಾರಿಯ ಗುಂಡಿ ಮುಚ್ಚಿ, ನೀರು ನಿಲ್ಲದಂತೆ ಕಾಲುವೆ ತೆಗೆದು, ಜಲ್ಲಿ ಹಾಕಿ ಉರುಳುತಡೆಯನ್ನು ಟನ್ನಿಗೆ 50ರಿಂದ 30 ಕಿಲೋಗ್ರಾಮಿಗೆ ಇಳಿಸಿದರೆ ನಮ್ಮ 1.8 ಕಿಲೋಮೀಟರಿನಲ್ಲಿ ತುಂಬಿದ ಗಾಡಿಯೊಂದಕ್ಕೆ ಸುಮಾರು ಅರ್ಧ ಲೀಟರ್ ಉಳಿಯುತ್ತದೆ. ಒಂದು ಹಂಗಾಮಿನಲ್ಲಿ ಆ ದಾರಿಯಲ್ಲಿ ಸಾವಿರ ಗಾಡಿ ಹೋದರೆ ಐನೂರು ಲೀಟರ್. ಸುಗ್ಗಿಗೆ ಮುಂಚೆ ಊರವರು ಕೂಡಿ ಮಾಡುವ ಎರಡು ದಿನದ ಕೆಲಸಕ್ಕೆ ಇದು ಸಣ್ಣ ಕೂಲಿಯಲ್ಲ.

ಕಾಯುವಿಕೆಯ ನಷ್ಟವು ಎಣ್ಣೆಯದಷ್ಟೇ ಅಲ್ಲ. ಕಡಿದ ಕಬ್ಬು ಬಿಸಿಲಿನಲ್ಲಿ ನಿಂತಷ್ಟೂ ಅದರ ನೀರು ಆರಿ ತೂಕ ಇಳಿಯುತ್ತದೆ. ಒಳಗಿನ ಸಕ್ಕರೆಯೂ ಒಡೆದು ಹಾಳಾಗುತ್ತದೆ. ಬೆಳೆಗಾರನಿಗೆ ತೂಕದಲ್ಲಿಯೂ ಕಾರ್ಖಾನೆಗೆ ಸಕ್ಕರೆಯಲ್ಲಿಯೂ ಆಗುವ ನಷ್ಟವಿದು. ಕಟಾವಿನ ಅಪ್ಪಣೆಯನ್ನೂ ಗಾಡಿಗಳು ಬರುವ ಹೊತ್ತನ್ನೂ ಅರೆಯುವ ಯಂತ್ರದ ವೇಗಕ್ಕೆ ಹೊಂದಿಸಿ ಹಂಚಿದರೆ ಎಣ್ಣೆ, ತೂಕ, ಸಕ್ಕರೆ ಮೂರೂ ಉಳಿಯುತ್ತವೆ.

ಒಟ್ಟಿನಲ್ಲಿ ಹೇಳುವುದಾದರೆ, ಹೊರೆಯನ್ನು ಸಾಗಿಸಲು ನಿಜವಾಗಿ ಬೇಕಾಗುವ ಶಕ್ತಿ ನಾವು ಊಹಿಸುವುದಕ್ಕಿಂತ ಕಡಿಮೆ. ಹೆಚ್ಚಿನದೆಲ್ಲ ತಡೆಗೆ ತೆರುವ ಕಂದಾಯ. ಆ ಕಂದಾಯದಲ್ಲಿ ಕೆಲವನ್ನು ಪ್ರಕೃತಿ ವಿಧಿಸಿದೆ, ಅದನ್ನು ತೆರಲೇಬೇಕು. ಮಿಕ್ಕದ್ದನ್ನು ನಮ್ಮ ಉದಾಸೀನವೇ ವಿಧಿಸಿದೆ. ಯಾವುದು ಯಾವುದೆಂದು ಬೇರ್ಪಡಿಸಿ ತೋರಿಸುವುದು ಶಾಸ್ತ್ರದ ಕೆಲಸ. ರೈತರ ಮನೆಗಳಿಂದ ಬಂದು ಈ ಕಾಲೇಜಿನಲ್ಲಿ ಓದುತ್ತಿರುವ ಮಿತ್ರರು ಮುಂದಿನ ಸುಗ್ಗಿಯಲ್ಲಿ ಒಂದು ಟಿಪ್ಪಣಿ ಪುಸ್ತಕವನ್ನು ಹಿಡಿದು ತಮ್ಮ ಊರಿನ ಒಂದು ಟ್ರ್ಯಾಕ್ಟರಿನ ಎಣ್ಣೆ, ದೂರ, ಹೊರೆ, ಕಾದ ಗಂಟೆಗಳನ್ನು ಒಂದು ವಾರ ಬರೆದಿಡಲಿ. ಮೇಲೆ ಕೊಟ್ಟಿರುವ ಅಂಕಿಗಳ ಜಾಗದಲ್ಲಿ ತಮ್ಮ ಊರಿನ ಅಂಕಿಗಳನ್ನು ಇಟ್ಟು ಲೆಕ್ಕ ಮಾಡಿದರೆ ಎಲ್ಲಿ ಕೈಹಾಕಬೇಕೆಂಬುದನ್ನು ಆ ಪುಸ್ತಕವೇ ಹೇಳುತ್ತದೆ.